ಗಾಳಿಕೇರಿಯ ಕಟ್ಟೆಯಲ್ಲಿ ಓದದೆ ಉಳಿದ ಸಾಲು

ಗಾಳಿಕೇರಿ, ಕಪ್ಪತಗುಡ್ಡದ ಮೂಡಣ ಮಗ್ಗುಲು
ಇಸವಿ ೨೪೧೭, ಹದಿಮೂರನೆಯ ತಿಂಗಳು, ಇಪ್ಪತ್ತೊಂಬತ್ತನೆಯ ದಿನ

ನಮಗಿಂತ ಮುಂಚೆ ಈ ನೆಲದ ಮೇಲೆ ಓಡಾಡಿದ ಹಿರಿಯರಿಗೆ,

ಮೇಲಿನ ತಾರೀಖನ್ನು ನೋಡಿ ಮುದುಕಿಗೆ ಅರಳುಮರುಳು ಎಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಸರಿಯಾಗಿ ಇಪ್ಪತ್ತೆಂಟು ದಿನ. ಗುಣಿಸಿ ನೋಡಿದರೆ ವರ್ಷಕ್ಕೆ ಒಂದು ದಿನ ಉಳಿಯುತ್ತದೆ. ಅದನ್ನು ಯಾವ ವಾರಕ್ಕೂ ಸೇರಿಸದೆ ಹದಿಮೂರನೆಯ ತಿಂಗಳ ಬಾಲಕ್ಕೆ ಕಟ್ಟಿ ಉಳಿಕೆದಿನ ಎಂದು ಕರೆಯುತ್ತೇವೆ. ಅಂದು ಯಾರೂ ಕೆಲಸ ಮಾಡುವಂತಿಲ್ಲ. ಮರಳಿ ಉತ್ತರ ಬರೆಯಲಾರದ ಯಾರಿಗಾದರೂ ಒಂದು ಕಾಗದ ಬರೆಯಬೇಕು. ಹೆಚ್ಚಿನವರು ತೀರಿಕೊಂಡ ಅವ್ವನಿಗೋ ಇನ್ನೂ ಹುಟ್ಟದ ಮೊಮ್ಮಗಳಿಗೋ ಬರೆಯುತ್ತಾರೆ. ನಾನು ಈ ಸಲ ನಿಮ್ಮನ್ನು ಆರಿಸಿಕೊಂಡಿದ್ದೇನೆ. ಕಾಲದಲ್ಲಿ ಹಿಂದಕ್ಕೆ ಕಾಗದ ಕಳಿಸಲು ಸಾಧ್ಯವೇ ಇಲ್ಲವೆಂದು ನಮ್ಮ ವಿಜ್ಞಾನಿಗಳು ಹನ್ನೆರಡು ವರ್ಷದ ಹಿಂದೆ ಸಾಧಿಸಿ ತೋರಿಸಿದರು. ಆ ಸುದ್ದಿಯನ್ನು ಊರಿಗೆ ಓದಿ ಹೇಳಿದವಳೂ ನಾನೇ. ಆದರೂ ಬರೆಯುತ್ತಿದ್ದೇನೆ. ವಿಜ್ಞಾನಿಗಳು ತಪ್ಪು ಮಾಡಿದ್ದುಂಟು, ಅಂಥ ಒಂದು ತಪ್ಪಿನ ಸಂಗತಿ ಈ ಕಾಗದದಲ್ಲಿಯೇ ಬರುತ್ತದೆ.

ನನ್ನ ಮಾತು ನಿಮಗೆ ಅಲ್ಲಲ್ಲಿ ತೊಡರಬಹುದು. ಅದಕ್ಕೆ ಕ್ಷಮೆಯಿರಲಿ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ನಮ್ಮ ಊರಿನ ಹಳೆಯ ಪೆಟ್ಟಿಗೆಯೊಂದರ ತಳದಲ್ಲಿ ಹಾಸಿದ್ದ ದಿನಪತ್ರಿಕೆಯ ನಾಲ್ಕು ಹಾಳೆಗಳಿಂದ. ಮೊದಲ ಪುಟದ ದೊಡ್ಡ ಅಕ್ಷರದ ಸುದ್ದಿಗಳಲ್ಲಿ ಯಾರು ಯಾರನ್ನು ಬೈದರು ಎಂಬುದೇ ತುಂಬಿತ್ತು. ಬೈದವರೂ ಬೈಸಿಕೊಂಡವರೂ ಈಗ ಯಾರಿಗೂ ಗೊತ್ತಿಲ್ಲ. ಆದರೆ ಒಳಪುಟದ ಕೆಳಮೂಲೆಯಲ್ಲಿ, ಉಗುರಿನಷ್ಟು ಜಾಗದಲ್ಲಿ, ಜೇನುಹುಳುವಿಗೆ ಸೊನ್ನೆ ಎಂದರೇನೆಂದು ತಿಳಿಯುತ್ತದೆ ಎಂದೊಂದು ಸುದ್ದಿ ಇತ್ತು. ಅದರ ಕೆಳಗೆ, ಯಾವುದೋ ದೂರದ ನಾಡಿನ ಪ್ರಾಣಿಯೊಂದು ಚೌಕಾಕಾರದ ಲದ್ದಿ ಹಾಕುತ್ತದೆ, ಏಕೆಂದು ಈಗ ತಿಳಿಯಿತು ಎಂದು ಇನ್ನೊಂದು. ನಾನು ಆಗ ಹದಿನಾರರ ಹುಡುಗಿ. ಪೆಟ್ಟಿಗೆಯ ಮುಂದೆ ಕೂತು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಆಮೇಲೆ ಸೊನ್ನೆಯ ಸುದ್ದಿಯನ್ನು ಮತ್ತೊಮ್ಮೆ ಓದಿದೆ, ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಸುದ್ದಿಗಳನ್ನು ಇಷ್ಟು ಸಣ್ಣ ಮೂಲೆಗೆ ತಳ್ಳಿದ ಜನ ಎಂಥವರಿರಬಹುದು ಎಂದು ಅಂದಿನಿಂದ ನಿಮ್ಮ ಬಗ್ಗೆ ಯೋಚಿಸುತ್ತಲೇ ಇದ್ದೇನೆ.

ನನ್ನ ಹೆಸರು ಕಲ್ಲವ್ವ ಗಾಳಿಗಂಬದ. ವಯಸ್ಸು ಅರವತ್ತಮೂರು. ಸ್ವಲ್ಪ ಜಂಭದ ಹೆಂಗಸು ಎಂದು ಊರಿನಲ್ಲಿ ಹೆಸರಿದೆ, ಅದು ಸುಳ್ಳಲ್ಲ. ನಮ್ಮ ಊರು ಗುಡ್ಡದ ಇಳಿಜಾರಿನಲ್ಲಿದೆ. ಮೇಲೆ ಗಾಳಿಯಿಂದ ವಿದ್ಯುತ್ತು ತೆಗೆಯುವ ಕಂಬಗಳು, ಕೆಳಗೆ ಕರಿಮಣ್ಣಿನ ಎರೆಹೊಲ, ನಡುವೆ ನಾವು. ಬಿಸಿಲು ನಿಮ್ಮ ಕಾಲಕ್ಕಿಂತ ಹೆಚ್ಚು, ಆದ್ದರಿಂದ ಓಣಿಗಳ ಮೇಲೆಲ್ಲ ಮಾಳಿಗೆಯಿಂದ ಮಾಳಿಗೆಗೆ ನೆರಳುಬಟ್ಟೆ ಕಟ್ಟಿರುತ್ತೇವೆ. ಅದು ಗಾಳಿಗೆ ಹಾರಿಹೋಗುವುದು, ಅಟ್ಟಿಸಿಕೊಂಡು ಹೋಗಿ ಹಿಡಿದು ತರುವುದು ಊರಿನ ಅರ್ಧ ಜನರ ದಿನಚರಿ. ಬೆಳಕು ಹರಿಯುವ ಮೊದಲೇ ಹೊಲದ ಕೆಲಸ ಮುಗಿಸಿ, ಏಳು ಗಂಟೆಗೆ ರೊಟ್ಟಿ ಬಡಿದು, ಎಂಟಕ್ಕೆ ಎಲ್ಲರೂ ಸುದ್ದಿಗಟ್ಟೆಗೆ ಬಂದು ಸೇರುತ್ತೇವೆ. ಜೋಳದ ರೊಟ್ಟಿ ತೆಳ್ಳಗಿರಬೇಕೋ ದಪ್ಪಗಿರಬೇಕೋ ಎಂಬ ಜಗಳ ನಾನೂರು ವರ್ಷವಾದರೂ ಬಗೆಹರಿದಿಲ್ಲ ಎಂದು ತಿಳಿಸಲು ಸಂತೋಷವಾಗುತ್ತದೆ.

ಸುದ್ದಿಗಟ್ಟೆ ಎಂದರೆ ಬೇವಿನ ಮರದ ಸುತ್ತ ಕಟ್ಟಿದ ಸಾದಾ ಕಲ್ಲುಕಟ್ಟೆ. ಅದರ ಹಿಂದೆ ಒಂದು ಕಾಲದ ನೋವು ಇದೆ. ನಿಮ್ಮ ನಂತರ ಮಾತಿನ ನೆರೆ ಎಂದು ನಾವು ಕರೆಯುವ ಕಾಲ ಬಂತು. ಯಂತ್ರಗಳು ಗಳಿಗೆಗೆ ಸಾವಿರ ಸುದ್ದಿ ಹೆರುತ್ತಿದ್ದವು, ಸುಳ್ಳು ನಿಜ ಒಂದೇ ಬಣ್ಣದಲ್ಲಿ ಬರುತ್ತಿದ್ದವು. ಎರಡು ತಲೆಮಾರಿನ ಜನ ಏನನ್ನೂ ನಂಬಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಯಾವುದಕ್ಕೂ ಬೆರಗಾಗಲಿಲ್ಲ. ಹೊಸ ಗ್ರಹ ಸಿಕ್ಕಿತು ಎಂದರೂ ಆಕಳಿಸಿದರು. ಆಗ ಗಾಳಿಕೇರಿಯ ಹಿರಿಯರು ಒಂದು ಕಟ್ಟಳೆ ಮಾಡಿದರು. ವಿಜ್ಞಾನದ ಸುದ್ದಿ ಊರೊಳಕ್ಕೆ ದಿನಕ್ಕೆ ಒಂದೇ ಬರಬೇಕು, ಒಬ್ಬರ ಬಾಯಿಂದಲೇ ಬರಬೇಕು, ಮೂರು ಸಾಲಿನ ಪದ್ಯವಾಗಿ ಬರಬೇಕು. ಆ ಬಾಯಿ ಈಗ ನನ್ನದು. ಕಟ್ಟೆಯ ಎದುರು ಇಬ್ಬರು ಹೂಂಗಾರರು ಕೂರುತ್ತಾರೆ. ಕಥೆ ಹೇಳುವಾಗ ಹೂಂ ಎನ್ನಲು ಒಬ್ಬರು ಬೇಕಲ್ಲ, ಆ ಬಗೆಯ ಕೆಲಸ. ಒಬ್ಬರದು ಬೆರಗಿನ ಹೂಂ, ಇನ್ನೊಬ್ಬರದು ನಗೆಯ ಹೂಂ. ಪದ್ಯ ಕೇಳಿ ಒಬ್ಬರು ಅಬ್ಬಾ ಎನ್ನಬೇಕು, ಇಲ್ಲವೇ ಇನ್ನೊಬ್ಬರು ನಗಬೇಕು. ಎರಡೂ ಆಗದಿದ್ದರೆ ಅದೇ ಸುದ್ದಿಯನ್ನು ನಾಳೆ ಬೇರೆ ಪದ್ಯದಲ್ಲಿ ತರಬೇಕು. ಗಣಿತದ ಪ್ರಮೇಯವೊಂದು ನನ್ನನ್ನು ನಲವತ್ತೊಂದು ದಿನ ಸತಾಯಿಸಿತು. ಎಲ್ಲರಿಗೂ ಗೊತ್ತಿದ್ದದ್ದು ನಿಜವಾಗಿಯೂ ಗೊತ್ತಿತ್ತು ಎಂಬುದು ಈಗ ಗೊತ್ತಾಗಿದೆ ಎಂದು ನಲವತ್ತೊಂದನೆಯ ದಿನ ಸೋತು ಹೇಳಿದೆ, ಕಟ್ಟೆ ಗೊಳ್ಳೆಂದಿತು.

ಬೆರಗಿನ ಹೂಂಗಾರ್ತಿ ಕೊಟ್ರವ್ವ. ತೊಂಬತ್ತು ವರ್ಷದ ಈ ತಾಯಿ ಎಲ್ಲದಕ್ಕೂ ಬೆರಗಾಗುತ್ತಾಳೆ, ಚಹಾ ಬಿಸಿಯಿದ್ದರೂ ಅಬ್ಬಾ ಎನ್ನುತ್ತಾಳೆ. ಆದ್ದರಿಂದ ಅವಳ ಅಬ್ಬಾ ಅರ್ಧ ಲೆಕ್ಕ ಎಂದು ಊರಸಭೆ ತೀರ್ಮಾನಿಸಿಬಿಟ್ಟಿದೆ. ಹೀಗಾಗಿ ಎಲ್ಲ ಭಾರ ನಗೆಯ ಹೂಂಗಾರನ ಮೇಲೆ. ಅವನು ದಾವಲಸಾಬ ಗಡಿಯಾರದ, ಕೆಳಗೇರಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಹೆಂಡತಿ ತೀರಿದ ಮೇಲೆ ತನ್ನ ರೊಟ್ಟಿ ತಾನೇ ಬಡಿದುಕೊಳ್ಳುವವನು, ಅದೂ ಓಣಿಗೆಲ್ಲ ಕೇಳುವ ಹಾಗೆ. ಇಪ್ಪತ್ತೆರಡು ವರ್ಷ ನಾನು ಅವನ ಮುಖ ನೋಡಿ ಪದ್ಯ ಕಟ್ಟಿದ್ದೇನೆ. ಅವನ ನಗು ಮೊದಲು ಭುಜದಲ್ಲಿ ಹುಟ್ಟಿ, ಮೀಸೆಗೆ ಏರಿ, ಆಮೇಲೆ ಬಾಯಿಗೆ ಬರುತ್ತದೆ. ಅದು ಭುಜದಲ್ಲಿ ಹುಟ್ಟುವುದನ್ನು ಕಾಣುವುದಕ್ಕಿಂತ ದೊಡ್ಡ ಸುಖ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ನನ್ನ ಗಂಡನಿಗೂ ಇದು ಗೊತ್ತಿದೆ, ಪಾಪ.

ಕಟ್ಟಳೆಯಲ್ಲಿ ಒಂದು ಸಣ್ಣ ಎಳೆ ಇತ್ತು. ನಗುವೋ ಬೆರಗೋ ಬಂದ ಕೂಡಲೇ ಓದು ಮುಗಿದಂತೆ. ಉಳಿದ ಸಾಲಿದ್ದರೂ ಓದುವಂತಿಲ್ಲ, ಅದನ್ನು ಪೂರ್ತಿ ವರದಿಯ ಜೊತೆ ಗೋಡೆಗೆ ಅಂಟಿಸಬೇಕು. ಸುದ್ದಿಗಾರರು ಮಾತು ಬೆಳೆಸದಿರಲಿ ಎಂದು ಹಿರಿಯರು ಮಾಡಿದ್ದು. ನಾವೂ ಅದನ್ನು ಪಂದ್ಯದಂತೆ ಆಡಿದೆವು. ಎರಡನೆಯ ಸಾಲಿಗೇ ನಗಿಸಿದರೆ ಜಾಣೆ, ಮೊದಲ ಸಾಲಿಗೇ ನಗಿಸಿದರೆ ಮಹಾ ಜಾಣೆ. ಗೋಡೆಯ ಹಾಳೆಯನ್ನು ಓದುವವರು ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತಿತ್ತು.

ಈ ವರ್ಷದ ಐದನೆಯ ತಿಂಗಳಲ್ಲಿ ನಡೆದದ್ದನ್ನು ಈಗ ಹೇಳಬೇಕು. ಅನಸೂಯಾ ಹುಲಕೋಟಿ ಎಂಬ ನೆಲವಿಜ್ಞಾನಿ ಗುಡ್ಡದ ಆಚೆ ಒಂದು ಠಾಣೆಯಲ್ಲಿ ಒಬ್ಬಳೇ ಇರುತ್ತಾಳೆ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುವಾಗ ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ದನಿ ಮಾಡುತ್ತದೆ. ಅದನ್ನು ಹಿಡಿಯಲು ಅವಳು ಊರಿನ ಸುತ್ತ ಹತ್ತೊಂಬತ್ತು ನೆಲಗಿವಿಗಳನ್ನು ಹೂತಿದ್ದಾಳೆ. ನೆಲಗಿವಿ ಎಂದರೆ ಮೊಳದುದ್ದದ ಕೊಳವೆ, ತಳದಲ್ಲಿ ತೆಳುವಾದ ತಗಡು. ಮೊದಲ ಮೂರು ವರ್ಷ ಅವಳನ್ನು ಒಂದು ಒಗಟು ಕಾಡಿತಂತೆ. ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ನೆಲದ ದನಿ ಅಡಗಿಹೋಗುತ್ತಿತ್ತು. ಕೊನೆಗೆ ನೋಡಿದರೆ ಅದು ಕೆಳಗೇರಿಯವರೆಲ್ಲ ಒಟ್ಟಿಗೆ ರೊಟ್ಟಿ ಬಡಿಯುವ ಹೊತ್ತು. ಆ ಅದುರುವಿಕೆಗೆ ಬಿರುಕಿನ ಸದ್ದು ಮುಳುಗಿಹೋಗುತ್ತಿತ್ತು. ಈ ವರ್ಷ ಅವಳು ಕಳಿಸಿದ ವರದಿಯಲ್ಲಿ ಇದೆಲ್ಲ ಇತ್ತು. ಕೊನೆಯಲ್ಲಿ, ಕೆಳಗೇರಿಯ ಅಡಿಯಲ್ಲಿ ದನಿಯ ಲಯ ಎಂದಿನಂತಿಲ್ಲ, ಮೊದಲ ಮಳೆಗೆ ನೆಲ ಕುಸಿದರೂ ಕುಸಿಯಬಹುದು ಎಂದೂ ಇತ್ತು. ನಾನು ಕಟ್ಟಿದ ಪದ್ಯ ಹೀಗಿತ್ತು:

ಹೊಟ್ಟಿ ಹಸದೈತಿ ನೆಲದವ್ವಗ, ಗುಡುಗುಡು ಅಂತೈತಿ;
ರೊಟ್ಟಿ ಬಡಿಯೂ ಸಪ್ಪಳಕ್ಕ ಸುಮ್ಮನಾಗತೈತಿ;
ಬಿಟ್ಟು ಬರ್ರಿ ಕೆಳಗೇರಿ, ಈ ಸಲ ತಾಳ ತಪ್ಪೈತಿ.

ಎರಡನೆಯ ಸಾಲಿಗೆ ದಾವಲಸಾಬನ ಭುಜ ಕುಣಿಯಿತು. "ಅಯ್ಯ ಕಲ್ಲವ್ವಾ, ಅದು ನನ್ನ ರೊಟ್ಟಿನವಾ!" ಎಂದು ಎದ್ದು ನಿಂತು ನಕ್ಕ. ಕಟ್ಟೆಯೆಲ್ಲ ನಕ್ಕಿತು. ಓದು ಮುಗಿಯಿತು. ಮೂರನೆಯ ಸಾಲನ್ನು ವರದಿಯ ಜೊತೆ ಗೋಡೆಗೆ ಅಂಟಿಸಿದೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಕುಸಿಯಬಹುದು ಎಂದು ಮಾತ್ರ ಬರೆದಿದ್ದಾಳೆ, ಕುಸಿಯುತ್ತದೆ ಎಂದಿಲ್ಲವಲ್ಲ, ಬೇಕಾದವರು ಓದಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಹೋಗಿ, ಎರಡನೆಯ ಸಾಲಿಗೇ ನಗಿಸಿದ ಖುಷಿಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ತಿಂದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಹನ್ನೊಂದು ದಿನಕ್ಕೆ ಮೊದಲ ಮಳೆ ಬಂತು. ಹೊತ್ತೇರಿದ ಮೇಲೆ, ಎಲ್ಲರೂ ಅಂಗಳಕ್ಕೆ ಬಂದು ಮಳೆಗೆ ಮುಖವೊಡ್ಡಿ ನಿಂತಿದ್ದಾಗ, ಕೆಳಗೇರಿಯ ನಾಲ್ಕು ಮನೆಗಳು ಮೊಣಕಾಲೂರಿದ ಹಾಗೆ ಕುಸಿದವು. ಜನ ಹೊರಗಿದ್ದುದರಿಂದ ಜೀವ ಹೋಗಲಿಲ್ಲ. ಒಳಗಿದ್ದವನು ದಾವಲಸಾಬ ಒಬ್ಬನೇ. ಮಳೆಯ ತಂಪು ಬಡಿಯಬಾರದೆಂದು ಗಡಿಯಾರಗಳನ್ನು ಎತ್ತಿಡುತ್ತಿದ್ದನಂತೆ. ಗೋಡೆ ಬಿದ್ದು ಬಲಗಾಲು ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ನಾನು ಅವನ ಹಾಸಿಗೆಯ ಪಕ್ಕ ಕೂತು, ಮೂರನೆಯ ಸಾಲು ಹೀಗಿತ್ತು ಎಂದು ಹೇಳಿದೆ. ಅವನು, "ನಿನ್ನ ತಪ್ಪಲ್ಲ ಬಿಡವ್ವಾ. ನಾ ಬಾಯಿ ಮುಚಗೊಂಡು ಕುಂತಿದ್ರ ನೀ ಓದತಿದ್ದಿ. ನನ್ನ ನಗಿನ ನನ್ನ ಮ್ಯಾಲೆ ಬಿತ್ತು" ಎಂದ. ಇನ್ನು ಮೇಲೆ ತಾನು ನಗುವುದಿಲ್ಲ ಎಂದೂ ಹೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅಲ್ಲಿಯೇ ಸೆರಗು ಮುಖಕ್ಕೆ ಹಿಡಿದು ಅತ್ತೆ.

ಎಂಟನೆಯ ತಿಂಗಳಲ್ಲಿ ಊರಸಭೆ ಕೂಡಿತು. ಸಭೆಯ ಹಿರಿಯ ಈರಪ್ಪ ಬಾವಿಕಟ್ಟಿ ಕೆಟ್ಟವನಲ್ಲ. ಅವನ ಮಗಳ ಮನೆಯೂ ಕುಸಿದ ನಾಲ್ಕರಲ್ಲಿ ಒಂದು. "ಕಲ್ಲವ್ವಾ, ಸುದ್ದಿ ಅಂದ್ರ ಸುದ್ದಿ. ಹಾಡು ಕೇಳಾಕ ಬ್ಯಾರೆ ಹೊತ್ತೈತಿ. ಪಕ್ಕದೂರಾಗ ಎಲ್ಲಾರ ಮಣಿಕಟ್ಟಿಗೂ ಸುದ್ದಿ ನೆಟ್ಟಗ ಬರತೈತಿ. ನಮಗೂ ಹಂಗ ಬರಲಿ, ಕಟ್ಟಿ ಬಂದ್ ಮಾಡೂಣು" ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೂ ನಾನು ಎದ್ದು ನಿಂತೆ. ಪಕ್ಕದೂರಿನವರು ಮಣಿಕಟ್ಟಿಗೆ ಕಟ್ಟಿಕೊಂಡ ಸುದ್ದಿಪಟ್ಟಿಗೆ ದಿನಕ್ಕೆ ಮುನ್ನೂರು ಸುದ್ದಿ ಬರುತ್ತದೆ, ನಿನ್ನೆಯ ಒಂದನ್ನು ಹೇಳಿ ಎಂದರೆ ತಲೆ ಕೆರೆಯುತ್ತಾರೆ. ನಮ್ಮ ಊರಿನ ಎಮ್ಮೆ ಕಾಯುವವರು ಇಪ್ಪತ್ತು ವರ್ಷದ ಹಿಂದಿನ ಉಲ್ಕೆಯ ಸುದ್ದಿಯನ್ನು ಇಂದಿಗೂ ಬಾಯಲ್ಲಿ ಹೇಳುತ್ತಾರೆ. ತಪ್ಪಿದ್ದು ಪದ್ಯದಲ್ಲಲ್ಲ, ನಗು ಬಂದಾಗ ನಿಲ್ಲಿಸುವ ಕಟ್ಟಳೆಯಲ್ಲಿ. ಮತ್ತು ಅದನ್ನು ಮುರಿದು ಮೂರನೆಯ ಸಾಲನ್ನು ಕೂಗಿ ಹೇಳದೆ ಹೋದ ನನ್ನಲ್ಲಿ. ಹೀಗೆ ವಾದಿಸಿದೆ. ಸಭೆ ಬಹಳ ಹೊತ್ತು ಗುಜುಗುಜು ಮಾಡಿ ಒಂದು ಷರತ್ತು ಹಾಕಿತು. ಮೂರು ಬೆಳಗು ಕೊಡುತ್ತೇವೆ. ಮೂರೂ ಸಾಲು ಪೂರ್ತಿ ಓದು. ಮೂರರಲ್ಲಿ ಒಂದು ಬೆಳಗಾದರೂ ನಗೆಯ ಹೂಂ ಬಂದರೆ ಕಟ್ಟೆ ಉಳಿಯಲಿ, ಬರದಿದ್ದರೆ ಮಣಿಕಟ್ಟು. ನಗೆಯ ಹೂಂಗಾರ ಯಾರು ಎಂದು ಕೇಳಿದಾಗ ಎಲ್ಲರೂ ದಾವಲಸಾಬನತ್ತ ನೋಡಿದರು. ಅವನು ಊರುಗೋಲು ನೋಡುತ್ತಾ, "ಕುಂದರತೀನಿ. ನಗೂದು ಮಾತ್ರ ಕೇಳಬ್ಯಾಡ್ರಿ" ಎಂದ.

ಮೊದಲ ಬೆಳಗು ನಕ್ಷತ್ರದ ಸುದ್ದಿ. ಒಂದೇ ಎಂದು ತಿಳಿದಿದ್ದ ನಕ್ಷತ್ರ ನಿಜವಾಗಿ ಎರಡು, ಒಂದನ್ನೊಂದು ಸುತ್ತುತ್ತಾ ಸಾವಿರಾರು ವರ್ಷ ನಮ್ಮನ್ನು ಮೋಸಗೊಳಿಸಿವೆ ಎಂಬುದು. ಒಳ್ಳೆಯ ಪದ್ಯ, ನಾನೇ ಹೇಳಬೇಕು. ಆದರೆ ಕಟ್ಟೆ ಕಲ್ಲಾಗಿ ಕೂತಿತ್ತು. ನಕ್ಕರೆ ಎಲ್ಲಿ ಯಾರ ಮನೆ ಬೀಳುತ್ತದೋ ಎಂಬ ಅಂಜಿಕೆ ಎಲ್ಲರ ಮುಖದಲ್ಲಿತ್ತು. ಕೊಟ್ರವ್ವ ಕೂಡ ಅಬ್ಬಾ ಎನ್ನಲು ಬಾಯಿ ತೆರೆದವಳು ಕೈ ಅಡ್ಡ ಹಿಡಿದಳು. ಎರಡನೆಯ ಬೆಳಗು ಎಮ್ಮೆಯ ಸುದ್ದಿ. ಮನುಷ್ಯ ಆಕಳಿಸುವುದನ್ನು ನೋಡಿ ಎಮ್ಮೆಯೂ ಆಕಳಿಸುತ್ತದೆ, ಆದರೆ ತನಗೆ ಮೇವು ಹಾಕುವವರು ಆಕಳಿಸಿದರೆ ಮಾತ್ರ ಎಂದು ನಮ್ಮ ಪಶುವಿಜ್ಞಾನಿಗಳು ಕಂಡುಹಿಡಿದಿದ್ದರು. ಪದ್ಯ ಮುಗಿಯುವಷ್ಟರಲ್ಲಿ ಕಟ್ಟೆಯ ಸುತ್ತ ಕೂತವರೆಲ್ಲ ಆಕಳಿಸಿದರು. ದಾವಲಸಾಬನೂ ಆಕಳಿಸಿದ. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ಜನ ಉರುಳಾಡಿ ನಗುತ್ತಿದ್ದರು. ಈರಪ್ಪ ಮಾತ್ರ ಗಂಟಲು ಸರಿಮಾಡಿಕೊಂಡು, "ಆಕಳಿಕಿ ನಗಿ ಅಲ್ಲ" ಎಂದು ಬರೆಸಿದ.

ಅಂದು ಸಂಜೆ ನಾನು ಮೂರನೆಯ ಬೆಳಗಿಗೆ ಯಾವ ಸುದ್ದಿ ಆರಿಸಲಿ ಎಂದು ಹಾಳೆಗಳನ್ನು ಹರಡಿಕೊಂಡು ಕೂತಿದ್ದಾಗ ಅನಸೂಯಾ ಬಂದಳು. ಕುಸಿತವಾದಾಗಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಬಿಡಬೇಕಾದದ್ದೇ. ವರ್ಷಗಟ್ಟಲೆ ಹತ್ತೊಂಬತ್ತು ಕಿವಿಗೊಟ್ಟು ಕೇಳಿದ್ದನ್ನು ನಾನು ಒಂದು ನಗುವಿಗೆ ಮಾರಿಕೊಂಡಿದ್ದೆ. ಅವಳ ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ನೆಲಗಿವಿ ಇತ್ತು, ಹದಿನಾಲ್ಕನೆಯದು. ಈ ಹದಿನಾಲ್ಕನೆಯ ಕಿವಿ ಅವಳ ಹೆಮ್ಮೆ. ಆರು ವರ್ಷದಿಂದ ಪ್ರತಿ ಮೊದಲ ಮಳೆಯ ನಂತರ ಅದೊಂದರಲ್ಲಿಯೇ ಟೊಕ್ ಟೊಕ್ ಎಂದು ಒಂದು ಗಂಭೀರ ದನಿ ಕೇಳುತ್ತಿತ್ತು. ನೀರು ಕುಡಿದ ಬಿರುಕುಗಳು ಬಾಯಿ ಮುಚ್ಚುವ ಸದ್ದು ಅದು ಎಂದು ಅವಳು ದೊಡ್ಡ ಪ್ರಬಂಧ ಬರೆದಿದ್ದಳು. ನಾನು ಅದನ್ನು ಓದಿದ್ದೆ, ಕೊಟ್ರವ್ವ ಅಬ್ಬಾ ಎಂದಿದ್ದಳು. ಕುಸಿದ ಮೇಲೆ ಎಲ್ಲ ಕಿವಿಗಳನ್ನೂ ಅಗೆದು ತೆಗೆದು ಪರೀಕ್ಷಿಸುವಾಗ ಅವಳು ಈ ಕೊಳವೆಯೊಳಗೆ ಇಣುಕಿದ್ದಾಳೆ. ಬಟ್ಟೆ ಬಿಚ್ಚಿ ನನ್ನ ಮುಂದೆ ಹಿಡಿದು, "ನನ್ನ ಆರು ವರ್ಷದ ಕೆಲಸ ಇದರಾಗ ಕುಂತೈತಿ ನೋಡ್ರಿ, ಕಣ್ಣು ಪಿಳಿಪಿಳಿ ಬಿಟಗೋತ" ಎಂದಳು. ಒಳಗೊಂದು ಕಪ್ಪೆ ಇತ್ತು.

ಅವಳು ಹಳೆಯ ಜೀವಿಗಳ ಪಟ್ಟಿಯನ್ನೂ ತಂದಿದ್ದಳು. ಬೆನ್ನ ಮೇಲೆ ಬಿರುಕಿನಂಥ ಬಿಳಿ ಗೆರೆಗಳಿರುವ ಎರೆಗಪ್ಪೆ, ಕೊನೆಯದಾಗಿ ಕಂಡದ್ದು ಇಸವಿ ೨೨೦೯, ಅಳಿದಿದೆ ಎಂದು ಪಟ್ಟಿಯಲ್ಲಿ ಬರೆದಿತ್ತು. ಅಳಿದದ್ದು ನಮ್ಮ ಮುಂದೆ ಕೂತು ಗಂಟಲು ಉಬ್ಬಿಸುತ್ತಿತ್ತು. ಇದನ್ನು ಓದಿದರೆ ನಿನ್ನ ಪ್ರಬಂಧದ ಮಾನ ಉಳಿಯುವುದಿಲ್ಲ, ಊರು ನಗುತ್ತದೆ ಎಂದೆ. "ನಗಲಿ ಬಿಡ್ರಿ. ಆರು ವರ್ಷ ಕಪ್ಪಿನ ನಕ್ಕೈತಿ, ಇನ್ನ ಊರಿಗೇನ್ ಅಂಜೂದು" ಎಂದಳು. ಆಮೇಲೆ, ಪಕ್ಕದೂರಿನ ಮಣಿಕಟ್ಟುಗಳಿಗೂ ತನ್ನ ವರದಿ ಹೋಗಿತ್ತು, ಅಲ್ಲಿ ಯಾರೂ ನಗಲೂ ಇಲ್ಲ, ಓದಲೂ ಇಲ್ಲ ಎಂದಳು. ಗಾಳಿಕೇರಿಯಲ್ಲಿ ಮಾತ್ರ ತನ್ನ ನೆಲಗಿವಿಯ ಬಗ್ಗೆ ತರಕಾರಿ ಮಾರುವವರೂ ವಿಚಾರಿಸುತ್ತಾರೆ. ಅದು ನಿಂತುಹೋದರೆ ತಾನು ಗುಡ್ಡದ ಆಚೆ ಯಾರಿಗಾಗಿ ಕೇಳಿಸಿಕೊಳ್ಳುತ್ತಾ ಕೂರಬೇಕು ಎಂದು ಕೇಳಿದಳು. ನಾನು ಒಳಗೆ ಹೋಗಿ ಚಹಾ ಇಟ್ಟೆ.

ಮೂರನೆಯ ಬೆಳಗು ಊರಿಗೆ ಊರೇ ಬಂದಿತ್ತು. ನೆರಳುಬಟ್ಟೆ ಹಾರಿಹೋದರೂ ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲ. ದಾವಲಸಾಬ ಮುರಿದ ಕಾಲನ್ನು ಮಣೆಯ ಮೇಲೆ ಚಾಚಿ, ಗಡಿಯಾರದ ಮುಳ್ಳಿನಂತೆ ನೆಟ್ಟಗೆ ಕೂತಿದ್ದ. ಮೊದಲ ಸಾಲು ಓದಿದೆ.

ಹತ್ತೊಂಬತ್ತು ಕಿವಿಯೊಳಗ ಒಂದು ಕಿವಿ ಸುಳ್ಳಾಡಿತ್ತು;

ಜನ ಅನಸೂಯಾಳತ್ತ ತಿರುಗಿದರು. ಅವಳು ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ತಲೆಯಾಡಿಸಿದಳು. ಎರಡನೆಯದು ಓದಿದೆ.

ಹೊತ್ತು ಬಂದಾಗ ನೋಡಿದರ ಕಿವಿಯಾಗ ಕಪ್ಪಿ ಕುಂತಿತ್ತು;

ದಾವಲಸಾಬನ ಭುಜ ಅಲುಗಿತು. ನಾನು ಕಂಡೆ, ಕಣ್ಣಾರೆ ಕಂಡೆ. ಅವನು ತುಟಿ ಕಚ್ಚಿ ಹಿಡಿದ, ಎರಡೂ ಕೈಯಿಂದ ಊರುಗೋಲನ್ನು ಅವುಚಿ ಹಿಡಿದ. ಅವನನ್ನು ನೋಡಿ ಜನರೂ ಬಾಯಿಗೆ ಸೆರಗು, ವಸ್ತ್ರ, ಮುಷ್ಟಿ ಏನು ಸಿಕ್ಕಿತೋ ಅದನ್ನು ಒತ್ತಿಕೊಂಡರು. ಇನ್ನೂರು ಜನ ಉಸಿರು ಬಿಗಿಹಿಡಿದು ಕೂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆ ಮೌನದಲ್ಲಿ ಮೂರನೆಯ ಸಾಲು ಓದಿದೆ.

ಸತ್ತೈತೆಂದು ಇನ್ನೂರ ವರ್ಷ ಅತ್ತಿದ್ವಿ, ಅದು ಹಾಡತಿತ್ತು.

ಯಾರೂ ಕದಲಲಿಲ್ಲ. ದಾವಲಸಾಬನ ಕಣ್ಣಲ್ಲಿ ನೀರು ನಿಂತಿತ್ತು. ಅವನು ಬಹಳ ಕಷ್ಟದಿಂದ, ಸಣ್ಣ ದನಿಯಲ್ಲಿ ಕೇಳಿದ: "ಕಲ್ಲವ್ವಾ, ಮುಗೀತೇನು? ಇನ್ನೇನರ ಉಳದೈತೇನು?" ಇಲ್ಲಪ್ಪಾ, ಪೂರ್ತಿ ಮುಗಿಯಿತು, ಏನೂ ಉಳಿದಿಲ್ಲ ಎಂದೆ. "ಖರೇನ?" ಎಂದ. ಖರೆ ಎಂದೆ. ಆಗ ಅವನು ನಕ್ಕ. ಭುಜ, ಮೀಸೆ ಯಾವುದಕ್ಕೂ ಕಾಯದೆ ನೇರವಾಗಿ ಬಾಯಿಂದಲೇ ಬಂತು ಆ ನಗು. ಮಣೆಯ ಮೇಲಿನ ಕಾಲು ಕುಣಿದು ನೋವಾಗಿ ಅಯ್ಯೋ ಎಂದ, ಅಯ್ಯೋ ಎನ್ನುತ್ತಲೇ ನಕ್ಕ. ಮೂರು ತಿಂಗಳು ಒಳಗೆ ಕೂಡಿಟ್ಟದ್ದನ್ನೆಲ್ಲ ಊರು ಒಮ್ಮೆಗೇ ನಕ್ಕು ಮುಗಿಸಿತು. ಈರಪ್ಪ ಬಾವಿಕಟ್ಟಿ ತಲೆಗೆ ಸುತ್ತಿದ ಪಟಕಾ ತೆಗೆದು ಕಣ್ಣೊರೆಸಿಕೊಂಡ. ಕೊಟ್ರವ್ವ ಒಂದರ ಹಿಂದೊಂದು ಏಳು ಸಲ ಅಬ್ಬಾ ಎಂದಳು. ಅಂದು ಅವಳ ಪ್ರತಿ ಅಬ್ಬಾವನ್ನೂ ಪೂರ್ತಿ ಲೆಕ್ಕಕ್ಕೆ ಹಿಡಿದರು. ನಾನು ಕಟ್ಟೆಯ ಮೇಲೆಯೇ ಕೂತುಬಿಟ್ಟೆ.

ಕಟ್ಟೆ ಉಳಿದಿದೆ. ಹೊಸ ಕಟ್ಟಳೆಯ ಪ್ರಕಾರ ನಗು ಬಂದರೂ ಓದು ನಿಲ್ಲುವುದಿಲ್ಲ, ಮತ್ತು ಎಚ್ಚರಿಕೆ ಇರುವ ಸುದ್ದಿಯನ್ನು ಮೂರು ಸಲ ಓದಬೇಕು, ಎರಡು ಸಲ ಪದ್ಯದಲ್ಲಿ, ಒಂದು ಸಲ ಬರಿ ಮಾತಿನಲ್ಲಿ. ಈ ಕೊನೆಯದು ಈರಪ್ಪನ ಹಟ, ನಾನೂ ಒಪ್ಪಿದೆ. ಕೆಳಗೇರಿಯ ಜನಕ್ಕೆ ಮೇಲಿನ ಗಟ್ಟಿ ನೆಲದಲ್ಲಿ ಮನೆಗಳು ಎದ್ದಿವೆ. ದಾವಲಸಾಬ ಸ್ವಲ್ಪ ಕುಂಟುತ್ತಾನೆ, ರೊಟ್ಟಿಯನ್ನು ಮೊದಲಿನಷ್ಟೇ ಜೋರಾಗಿ ಬಡಿಯುತ್ತಾನೆ. ಕುಸಿದ ಜಾಗವನ್ನು ಹಾಗೆಯೇ ಬಿಟ್ಟಿದ್ದೇವೆ. ಅಲ್ಲಿ ನೀರು ನಿಂತಿದೆ, ಎರೆಗಪ್ಪೆಯನ್ನು ಅಲ್ಲಿಗೇ ಬಿಟ್ಟೆವು. ಕಳೆದ ತಿಂಗಳು ಎರಡನೆಯದೊಂದರ ದನಿ ಕೇಳಿತು.

ಈಗ ನನ್ನ ಬೇಡಿಕೆ. ಆ ಹಳೆಯ ಪಟ್ಟಿಯಲ್ಲಿ ಎರೆಗಪ್ಪೆಯ ಉದ್ದ, ಬಣ್ಣ, ಬೆರಳುಗಳ ಸಂಖ್ಯೆ ಎಲ್ಲವೂ ಇದೆ. ಕೂಗು ಎಂಬ ಕಡೆ ಮಾತ್ರ ಖಾಲಿ ಬಿಟ್ಟಿದ್ದಾರೆ. ನಿಮ್ಮ ಕಾಲದಲ್ಲಿ ಅದು ನಿಮ್ಮ ಹೊಲದ ಬದುವಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಹೊಂಡದಲ್ಲಿ ರಾಶಿ ರಾಶಿ ಇತ್ತಂತೆ. ಲಕ್ಷಾಂತರ ಜನ ಕೇಳಿದ್ದೀರಿ, ಒಬ್ಬರೂ ಬರೆದಿಡಲಿಲ್ಲ. ನಮ್ಮ ಕಪ್ಪೆ ಒಂಟಿಯಾಗಿ ಬೆಳೆದದ್ದು, ಕೊಳವೆಯಲ್ಲಿ ಕಲಿತದ್ದು. ಅದು ತನ್ನ ಜಾತಿಯ ಹಾಡನ್ನೇ ಹಾಡುತ್ತಿದೆಯೋ, ತಾನೇ ಕಟ್ಟಿದ್ದನ್ನು ಹಾಡುತ್ತಿದೆಯೋ ಅನಸೂಯಾಳಿಗೆ ಗೊತ್ತಿಲ್ಲ. ಹೋಲಿಸಿ ನೋಡಲು ನಿಮ್ಮ ಹೊರತು ಯಾರೂ ಇಲ್ಲ. ಆದ್ದರಿಂದ ಮುಂದಿನ ಮೊದಲ ಮಳೆಗೆ ದಯವಿಟ್ಟು ಹೊರಗೆ ಹೋಗಿ ನಿಲ್ಲಿ. ಏನು ಕೇಳಿಸುತ್ತದೋ ಅದನ್ನು ನಿಮ್ಮ ಮಾತಿನಲ್ಲಿ, ಪದ್ಯವಾದರೆ ಪದ್ಯ, ಇಲ್ಲವಾದರೆ ಟೊಕ್ ಟೊಕ್ ಎಂದಾದರೂ ಸರಿ, ಒಂದು ಹಾಳೆಯಲ್ಲಿ ಬರೆದು ಯಾವುದಾದರೂ ಪೆಟ್ಟಿಗೆಯ ತಳಕ್ಕೆ ಹಾಸಿ. ಪೆಟ್ಟಿಗೆಗಳು ನಮ್ಮವರೆಗೆ ಬರುತ್ತವೆ, ಅದರ ಚಿಂತೆ ಬೇಡ. ಕಪ್ಪೆಯ ಕೂಗು ಕೇಳಿ ನಿಮಗೆ ನಗು ಬರಬಹುದು. ಧಾರಾಳವಾಗಿ ನಗಿ. ಆದರೆ ಅದು ಹಾಡಿ ಮುಗಿಸುವ ತನಕ ಸ್ವಲ್ಪ ತಡೆದುಕೊಳ್ಳಿ.

ನಿಮ್ಮ ಮೂಲೆಯ ಸುದ್ದಿಗಳ ಋಣದಲ್ಲಿರುವ,
ಕಲ್ಲವ್ವ ಗಾಳಿಗಂಬದ